ಕಾಣದ ತಂತಿಗೂ ಓಮ್ ಲೆಕ್ಕ ಉಂಟು

ಹಳೆಯ ಟಚ್‌ಸ್ಕ್ರೀನ್ ಫೋನ್ ಒಂದಿದ್ದರೆ ಆಫ್ ಮಾಡಿ, ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ಆಚೀಚೆ ವಾಲಿಸಿ. ಕೆಲವು ಫೋನ್‌ಗಳಲ್ಲಿ ಗಾಜಿನೊಳಗೆ ವಜ್ರಾಕಾರದ ಚೌಕುಳಿಗಳ ಸಾಲು ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ. ಅದು ಗೀರೂ ಅಲ್ಲ, ಬೆರಳಿನ ಜಿಡ್ಡೂ ಅಲ್ಲ. ಅದು ಸರ್ಕ್ಯೂಟ್. ನಿಮ್ಮ ಬೆರಳು ಎಲ್ಲಿ ತಾಗಿತು ಎಂದು ಫೋನಿಗೆ ತಿಳಿಸುವ ತಂತಿಗಳು ಚಿತ್ರ ಮೂಡುವ ಜಾಗದ ಮೇಲೆಯೇ ಹಾದುಹೋಗಿವೆ, ಬೆಳಕು ಅವುಗಳನ್ನು ದಾಟಿಕೊಂಡು ಕಣ್ಣಿಗೆ ಬರುತ್ತಿದೆ.

ಪಾರದರ್ಶಕ ಎಲೆಕ್ಟ್ರಾನಿಕ್ಸ್ ಎಂದ ಕೂಡಲೇ ಎಲ್ಲರ ಕಣ್ಣಮುಂದೆ ಬರುವುದು ಗಾಜಿನ ಬಿಲ್ಲೆಯಂಥ ಫೋನ್. ಆ ಚಿತ್ರವನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಆರ್ಪಾರ ಕಾಣುವ ಟ್ರಾನ್ಸಿಸ್ಟರ್, ಅಂದರೆ ಕರೆಂಟನ್ನು ಬಿಡುವ ತಡೆಯುವ ಪುಟ್ಟ ಸ್ವಿಚ್, ಬಂದು ಇಪ್ಪತ್ತು ವರ್ಷ ದಾಟಿದೆ. ನಮ್ಮನ್ನು ಕಟ್ಟಿಹಾಕಿರುವುದು ಅದಕ್ಕೆ ಕರೆಂಟು ಮುಟ್ಟಿಸುವ ತಂತಿಯ ರೋಧ, ಅಂದರೆ ಕರೆಂಟಿನ ಹರಿವಿಗೆ ತಂತಿ ಒಡ್ಡುವ ಅಡ್ಡಿ. ಅದನ್ನು ಅಳೆಯುವ ಮಾನವೇ ಓಮ್. ಈ ಒಂದು ಲೆಕ್ಕ ಕೈಗೆ ಹತ್ತಿದರೆ ಯಾವ ಸುದ್ದಿಯನ್ನು ನಂಬಬೇಕು, ಯಾವ ವಸ್ತು ನಿಜಕ್ಕೂ ಮನೆಗೆ ಬರುತ್ತದೆ ಎಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ.

ಬೆಳಕೂ ಹೋಗಬೇಕು, ಕರೆಂಟೂ ಹರಿಯಬೇಕು

ತಾಮ್ರದಲ್ಲಿ ಮುಕ್ತ ಎಲೆಕ್ಟ್ರಾನ್‌ಗಳು ಕಿಕ್ಕಿರಿದಿವೆ. ಅದಕ್ಕೇ ಕರೆಂಟು ಸಲೀಸಾಗಿ ಹರಿಯುತ್ತದೆ, ಅದಕ್ಕೇ ಬೆಳಕು ಒಳಗೆ ಹೋಗಲಾರದೆ ಮರಳುತ್ತದೆ. ಗಾಜಿನದು ತದ್ವಿರುದ್ಧ: ಎಲೆಕ್ಟ್ರಾನ್‌ಗಳೆಲ್ಲ ಬಿಗಿಯಾಗಿ ಕಟ್ಟಿಹಾಕಿದಂತಿವೆ, ಅವನ್ನು ಮೇಲಿನ ಮಟ್ಟಕ್ಕೆ ಎಬ್ಬಿಸುವಷ್ಟು ಶಕ್ತಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಇಲ್ಲ. ಕಾಣುವ ಬೆಳಕಿನ ಕಣವೊಂದರ ಶಕ್ತಿ ಸುಮಾರು 1.6ರಿಂದ 3.1 ಎಲೆಕ್ಟ್ರಾನ್ ವೋಲ್ಟ್. ಎಲೆಕ್ಟ್ರಾನನ್ನು ಎಬ್ಬಿಸಲು ದಾಟಬೇಕಾದ ಶಕ್ತಿಯ ಅಂತರ 3.1ಕ್ಕಿಂತ ಹೆಚ್ಚಿರುವ ವಸ್ತುವನ್ನು ಹಿಡಿದು, ಅದಕ್ಕೆ ಹದವಾಗಿ ಎಲೆಕ್ಟ್ರಾನ್‌ಗಳನ್ನು ಬೆರೆಸಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ. 1907ರಲ್ಲೇ ಕಾರ್ಲ್ ಬೇಡೆಕರ್ ಎಂಬ ಜರ್ಮನ್ ಭೌತವಿಜ್ಞಾನಿ ಕ್ಯಾಡ್ಮಿಯಂನ ತೆಳು ಪದರವನ್ನು ಗಾಳಿಯಲ್ಲಿ ಕಾಸಿ ಆಕ್ಸೈಡ್ ಮಾಡಿದಾಗ, ಅದರಲ್ಲಿ ಬೆಳಕೂ ಹಾದುಹೋಗುತ್ತದೆ ಕರೆಂಟೂ ಹರಿಯುತ್ತದೆ ಎಂದು ತೋರಿಸಿದ್ದರು.

ಇಂದು ಹೆಚ್ಚಿನ ಪರದೆಗಳಲ್ಲಿ ಇರುವುದು ಇಂಡಿಯಂ ಟಿನ್ ಆಕ್ಸೈಡ್, ಬಾಯಿಮಾತಿನಲ್ಲಿ ಐಟಿಒ. ತೂಕದಲ್ಲಿ ಸುಮಾರು 90 ಪಾಲು ಇಂಡಿಯಂ ಆಕ್ಸೈಡ್, 10 ಪಾಲು ತವರದ ಆಕ್ಸೈಡ್. ಇಂಡಿಯಂ ಕೂರಬೇಕಾದ ಜಾಗದಲ್ಲಿ ತವರದ ಪರಮಾಣು ಕೂತರೆ ಒಂದು ಎಲೆಕ್ಟ್ರಾನ್ ಮಿಕ್ಕುತ್ತದೆ. ಅಲ್ಲಲ್ಲಿ ಆಮ್ಲಜನಕದ ಜಾಗ ಖಾಲಿ ಬಿದ್ದರೂ ಎಲೆಕ್ಟ್ರಾನ್ ಸಿಗುತ್ತದೆ. ಇಷ್ಟೆಲ್ಲ ಆದ ಮೇಲೂ ಮುಕ್ತ ಎಲೆಕ್ಟ್ರಾನ್‌ಗಳ ಸಂಖ್ಯೆ ತಾಮ್ರದಲ್ಲಿ ಇರುವುದರ ನೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಇನ್ನೂ ಸುರಿಯೋಣವೆಂದರೆ ಆಗದು. ಎಲೆಕ್ಟ್ರಾನ್ ಹೆಚ್ಚಿದಷ್ಟೂ ಪದರ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಹಿಂದಕ್ಕೆ ಎಸೆಯತೊಡಗುತ್ತದೆ, ಆ ಗಡಿ ಕಾಣುವ ಬೆಳಕಿನ ಕಡೆಗೆ ಸರಿಯುತ್ತಾ ಬರುತ್ತದೆ. ಇದೇ ಗುಣವನ್ನು ಕೆಲಸಕ್ಕೆ ಹಚ್ಚಿದರೆ ಬೆಳಕನ್ನು ಬಿಟ್ಟು ಕಾವನ್ನು ತಡೆಯುವ ಕಿಟಕಿ ಗಾಜಾಗುತ್ತದೆ. ತಂತಿ ಮಾಡಹೊರಟವರಿಗೆ ಮಾತ್ರ ಅದು ದಾಟಲಾಗದ ಗೆರೆ.

ಕಾರ್ಖಾನೆಯಲ್ಲಿ ಈ ಪದರ ಹಾಕುವುದು ನಿರ್ವಾತದ ಕೋಣೆಯಲ್ಲಿ. ಐಟಿಒ ಬಿಲ್ಲೆಗೆ ಆರ್ಗಾನ್ ಅಯಾನುಗಳನ್ನು ಹೊಡೆದು ಅದರಿಂದ ಎದ್ದ ಕಣಗಳನ್ನು ಗಾಜಿನ ಮೇಲೆ ಕೂರಿಸುತ್ತಾರೆ, ಗಾಜು 200ರಿಂದ 300 ಡಿಗ್ರಿ ಬಿಸಿಯಲ್ಲಿರುತ್ತದೆ. ಆರ್ಗಾನ್ ಜೊತೆ ತುಸು ಆಮ್ಲಜನಕ ಬಿಡಬೇಕು. ಇಡೀ ಕೆಲಸದ ಹದ ಇರುವುದು ಆ ತುಸುವಿನಲ್ಲಿ. ಆಮ್ಲಜನಕ ಕಡಿಮೆಯಾದರೆ ಪದರ ಕಂದು ಬಣ್ಣಕ್ಕೆ ತಿರುಗಿ ಬೆಳಕನ್ನು ನುಂಗುತ್ತದೆ. ಹೆಚ್ಚಾದರೆ ಗಾಜು ತಿಳಿಯಾಗಿ ಚೆಂದ ಕಾಣುತ್ತದೆ, ಆದರೆ ಖಾಲಿ ಜಾಗಗಳೆಲ್ಲ ತುಂಬಿಹೋಗಿ ರೋಧ ಏರಿಬಿಡುತ್ತದೆ. ಕಣ್ಣಿಗೆ ಒಪ್ಪುವ ಗಾಜು ಮೀಟರಿಗೆ ಒಪ್ಪದಿರುವುದು ಹೀಗೆ.

ಚೌಕಕ್ಕೆ ಇಷ್ಟು ಓಮ್

ತೆಳು ಪದರದ ರೋಧವನ್ನು ಅಳೆಯುವ ಕ್ರಮ ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನಿಸುತ್ತದೆ: ಚೌಕಕ್ಕೆ ಇಷ್ಟು ಓಮ್. ಯಾವ ಅಳತೆಯ ಚೌಕ ಎಂದು ಕೇಳಬೇಕಾಗಿಲ್ಲ. 1 ಸೆಂ.ಮೀ. ಚೌಕಕ್ಕೂ 1 ಮೀಟರ್ ಚೌಕಕ್ಕೂ ಉತ್ತರ ಒಂದೇ, ಏಕೆಂದರೆ ಉದ್ದ ಎಷ್ಟು ಪಟ್ಟು ಹೆಚ್ಚುತ್ತದೋ ಅಗಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಒಳ್ಳೆಯ ಐಟಿಒ ಪದರ 150 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ದಪ್ಪವಿದ್ದರೆ ಚೌಕಕ್ಕೆ ಸುಮಾರು 10 ಓಮ್. ಅಷ್ಟೇ ದಪ್ಪದ ತಾಮ್ರವಾಗಿದ್ದರೆ 0.11 ಓಮ್. ನೂರು ಪಟ್ಟಿನ ಅಂತರ. ದಪ್ಪ ಹೆಚ್ಚಿಸಿ ರೋಧ ಇಳಿಸಬಹುದು, ಆದರೆ ಬೆಳಕು ಕಡಿಮೆಯಾಗುತ್ತದೆ, ಹಳದಿ ಛಾಯೆ ಬರುತ್ತದೆ, ಇಂಡಿಯಂ ಖರ್ಚೂ ಏರುತ್ತದೆ.

ಈ ಲೆಕ್ಕವನ್ನು ಕೈಯಾರೆ ನೋಡಲು ಬೇಕಾದ ಸಾಮಾನು ಕಡಿಮೆ. ಚೌಕಕ್ಕೆ 10 ಓಮ್ ಇರುವ, 25 ಮಿ.ಮೀ. ಅಗಲ 75 ಮಿ.ಮೀ. ಉದ್ದದ, 1.1 ಮಿ.ಮೀ. ದಪ್ಪದ ಐಟಿಒ ಗಾಜು, ಅಂಟಿನಲ್ಲೂ ಕರೆಂಟು ಹರಿಯುವ ತಾಮ್ರದ ಟೇಪ್, ಬೆಳ್ಳಿ ಪೇಂಟ್, ಮಲ್ಟಿಮೀಟರ್, ಹಳೆಯ ಯುಎಸ್‌ಬಿ ಚಾರ್ಜರ್ ಮತ್ತು ಕತ್ತರಿಸಿದ ಕೇಬಲ್.

ಮೊದಲು ಲೇಪ ಯಾವ ಬದಿಗಿದೆ ಎಂದು ಪತ್ತೆ ಮಾಡಬೇಕು. ಕಣ್ಣಿಗೆ ಅದು ತಿಳಿಯುವುದಿಲ್ಲ. ಮೀಟರನ್ನು 200 ಓಮ್‌ಗೆ ತಿರುಗಿಸಿ, ಎರಡು ಕಡ್ಡಿಗಳನ್ನು 1 ಸೆಂ.ಮೀ. ಅಂತರದಲ್ಲಿ ಮೆಲ್ಲಗೆ ಊರಿ. ಹತ್ತಾರು ಓಮ್ ತೋರಿಸಿದರೆ ಅದೇ ಲೇಪದ ಬದಿ. ಆ ಸಂಖ್ಯೆಯನ್ನೇ ಚೌಕದ ರೋಧ ಎಂದು ಬರೆದುಕೊಳ್ಳುವ ತಪ್ಪು ಬಹಳ ಜನ ಮಾಡುತ್ತಾರೆ. ಚೂಪು ಮೊನೆಯಿಂದ ಕರೆಂಟು ಸುತ್ತಲೂ ಹರಡಿ ಹೋಗುವುದರಿಂದ ಆ ಅಳತೆ ಮೊನೆಯ ಅಗಲಕ್ಕೂ ಒತ್ತಡಕ್ಕೂ ತಕ್ಕಂತೆ ಬದಲಾಗುತ್ತದೆ. ಸರಿಯಾದ ಅಳತೆ ಬೇಕಿದ್ದರೆ ಚೌಕ ತುಂಡಿನ ಎದುರುಬದುರು ಅಂಚುಗಳಿಗೆ ಪೂರ್ತಿ ಅಗಲಕ್ಕೂ ಟೇಪ್ ಹಚ್ಚಿ ಅಳೆಯಬೇಕು, ಮೀಟರಿನ ವೈರುಗಳದ್ದೇ ರೋಧವನ್ನು ಕಳೆಯಬೇಕು.

ಗಾಜು ತೊಳೆಯುವುದರಲ್ಲಿ ಅವಸರ ಬೇಡ. ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿದ ನೀರು, ಆಮೇಲೆ ನಲ್ಲಿ ನೀರು, ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಸ್ಪಾಂಜಿನ ಹಸಿರು ಬದಿ ತಾಗಿಸಬಾರದು, ಗೀರು ಬಿದ್ದಲ್ಲಿ ತಂತಿಯೇ ಕಡಿದಂತೆ. ತೊಳೆದದ್ದು ಸಾಕಾಯಿತೇ ಎಂದು ತಿಳಿಯಲು ನೀರು ಸುರಿದು ಓರೆ ಮಾಡಿ: ನೀರು ಹಾಳೆಯಂತೆ ಹರಡಿ ನಿಂತರೆ ಸ್ವಚ್ಛವಾಗಿದೆ. ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಗೆ ಉರುಳಿದರೆ ಜಿಡ್ಡು ಇನ್ನೂ ಉಳಿದಿದೆ.

ಈಗ 25 ಮಿ.ಮೀ.ನ ಎರಡು ಗಿಡ್ಡ ಅಂಚುಗಳಿಗೆ ಬೆಳ್ಳಿ ಪೇಂಟ್ ಎಳೆದು, ಒಣಗಿದ ಮೇಲೆ ತಾಮ್ರದ ಟೇಪ್ ಒತ್ತಿ. ಸೋಲ್ಡರ್ ಮಾಡಲು ಹೋಗಬೇಡಿ. ಸಾಮಾನ್ಯ ಸೋಲ್ಡರ್ ಆಕ್ಸೈಡಿಗೆ ಹಿಡಿಯುವುದಿಲ್ಲ, ಮುತ್ತಿನಂತೆ ಉಂಡೆಯಾಗಿ ಬಿದ್ದುಹೋಗುತ್ತದೆ, ಬಿಸಿಗೆ ಗಾಜು ಸೀಳುವುದೂ ಉಂಟು. ವೈರನ್ನು ಟೇಪಿನ ಬಾಲಕ್ಕೆ, ಗಾಜಿನಿಂದ ಹೊರಗೆ ಸೋಲ್ಡರ್ ಮಾಡಿದರೆ ಸಾಕು. ಕರೆಂಟು 75 ಮಿ.ಮೀ. ನಡೆಯಬೇಕು, ಅಗಲ 25 ಮಿ.ಮೀ., ಅಂದರೆ ಮೂರು ಚೌಕ, 30 ಓಮ್. ಮೀಟರ್ 32 ಅಥವಾ 35 ತೋರಿಸಿದರೆ ಮಿಕ್ಕದ್ದು ಸಂಪರ್ಕದ ರೋಧ. 60 ತೋರಿಸಿದರೆ ಟೇಪ್ ಸರಿಯಾಗಿ ಕೂತಿಲ್ಲ, ಇಲ್ಲವೇ ಅದರ ಅಂಟು ಕರೆಂಟು ಬಿಡದ ಜಾತಿಯದು.

5 ವೋಲ್ಟ್ ಕೊಟ್ಟರೆ 0.17 ಆಂಪಿಯರ್, 0.83 ವ್ಯಾಟ್. ಗಾಜು ಸುತ್ತಲಿನ ಗಾಳಿಗಿಂತ ಹದಿನೈದು ಇಪ್ಪತ್ತು ಡಿಗ್ರಿ ಮೇಲೇರುತ್ತದೆ, ಅಂಗೈಗೆ ಹಿತವಾದ ಕಾವು. ಅದೇ ಗಾಜಿನ ಉದ್ದ ಅಂಚುಗಳಿಗೆ ಟೇಪ್ ಹಚ್ಚಿದರೆ ಏನಾಗುತ್ತದೆ ನೋಡಿ: ಈಗ ಮೂರರಲ್ಲಿ ಒಂದು ಚೌಕ, 3.3 ಓಮ್. ಅದಕ್ಕೆ 12 ವೋಲ್ಟ್ ಕೊಟ್ಟರೆ 43 ವ್ಯಾಟ್. ಸ್ವಲ್ಪ ಹೊತ್ತಿನಲ್ಲೇ ಗಾಜು ಬಿರಿಯುತ್ತದೆ. ಗಾಜು ಅದೇ, ಲೇಪ ಅದೇ. ಟೇಪ್ ಹಚ್ಚಿದ ದಿಕ್ಕು ಬದಲಾಗಿದ್ದಕ್ಕೆ ರೋಧ ಒಂಬತ್ತು ಪಟ್ಟು ಇಳಿಯಿತು.

ಇದರಲ್ಲೇ ಇನ್ನೊಂದು ನೋಟ ಉಂಟು, ಅದನ್ನು ಖಂಡಿತ ನೋಡಬೇಕು. ಕರೆಂಟು ಕೊಡುವ ಮುಂಚೆ ಗಾಜಿನ ಮೇಲೆ ಬಾಯಿಯಿಂದ ಹಾ ಎಂದು ಊದಿ ಮಂಜು ಕೂರಿಸಿ, ಆಮೇಲೆ ಸ್ವಿಚ್ ಹಾಕಿ. ಲೇಪ ಸಮನಾಗಿದ್ದರೆ ಮಂಜು ನಡುವಿನಿಂದ ಸಮನಾಗಿ ಕರಗುತ್ತದೆ. ಲೇಪದಲ್ಲಿ ಅಡ್ಡಕ್ಕೆ ಅರ್ಧದವರೆಗೆ ಒಂದು ಗೆರೆ ಕೊರೆದಿದ್ದರೆ, ಆ ಗೆರೆಯ ತುದಿಯಲ್ಲಿ ಮೊದಲು ಸಾಸಿವೆಯಷ್ಟು ತಿಳಿ ಜಾಗ ಮೂಡುತ್ತದೆ, ಅದು ಹೂವಿನಂತೆ ಅಗಲಿಸುತ್ತಾ ಹೋಗುತ್ತದೆ. ದಾರಿ ಇಕ್ಕಟ್ಟಾದಲ್ಲಿ ಕರೆಂಟು ನುಗ್ಗುತ್ತದೆ, ನುಗ್ಗಿದಲ್ಲಿ ಕಾವು ಹೆಚ್ಚು. ಟೇಪಿನ ಮೂಲೆ ಎದ್ದಿದ್ದರೂ ಇದೇ ಗುರುತು ಸಿಗುತ್ತದೆ. ಕಾಣದ ಸರ್ಕ್ಯೂಟನ್ನು ಕಣ್ಣಿಗೆ ಕಾಣಿಸಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಗೆರೆ ಕೊರೆಯುವುದು, ಮಾಡಬಾರದ್ದು

ಲೇಪದಲ್ಲಿ ವಿನ್ಯಾಸ ಕೊರೆಯಲು ಹೈಡ್ರೋಕ್ಲೋರಿಕ್ ಆಸಿಡ್ ಬೇಕು. ಒಂದು ಪಾಲು ಲ್ಯಾಬಿನ ಗಟ್ಟಿ ಆಸಿಡನ್ನು ಎರಡು ಪಾಲು ನೀರಿಗೆ ಹಾಕಿದರೆ ಸುಮಾರು 12 ಶೇಕಡ ಆಗುತ್ತದೆ. ನೀರಿಗೆ ಆಸಿಡ್ ಹಾಕಬೇಕು, ಆಸಿಡಿಗೆ ನೀರಲ್ಲ. ಉಳಿಯಬೇಕಾದ ಜಾಗವನ್ನು ನೇಲ್‌ಪಾಲಿಶ್ ಅಥವಾ ಟೇಪಿನಿಂದ ಮುಚ್ಚಿ, ತೆರೆದ ಜಾಗಕ್ಕೆ ಸತುವಿನ ಪುಡಿಯನ್ನು ನೀರಿನಲ್ಲಿ ಕಲಸಿ ತೆಳುವಾಗಿ ಸವರಿ, ಹತ್ತಿಯ ಕಡ್ಡಿಯಿಂದ ಆಸಿಡ್ ಮುಟ್ಟಿಸಿ. ನೊರೆ ಎದ್ದು ಅರ್ಧ ನಿಮಿಷದೊಳಗೆ ಲೇಪ ಹೋಗುತ್ತದೆ. ತಣ್ಣನೆಯ ಆಸಿಡ್ ಒಂದೇ ಆದರೆ ಬಹಳ ನಿಧಾನ. ಸತುವಿನಿಂದ ಹುಟ್ಟುವ ಹೈಡ್ರೋಜನ್ ಆಕ್ಸೈಡನ್ನು ಒಡೆದು ಕೊಡುವುದರಿಂದಲೇ ಕೆಲಸ ಬೇಗ ಆಗುವುದು. ಹೈಡ್ರೋಜನ್ ಎಂದ ಮೇಲೆ ಹತ್ತಿರ ದೀಪ, ಕಿಡಿ ಏನೂ ಇರಬಾರದು. ಕಿಟಕಿ ತೆರೆದಿರಲಿ, ಕೈಗವಸು ಕನ್ನಡಕ ಕಡ್ಡಾಯ, ಉಳಿದ ಆಸಿಡಿಗೆ ಅಡುಗೆ ಸೋಡಾ ಹಾಕಿ ನೊರೆ ನಿಲ್ಲುವವರೆಗೆ ಕಾಯಬೇಕು.

ಹೊತ್ತು ಮೀರಿದರೆ ಆಸಿಡ್ ಟೇಪಿನ ಅಡಿಗೂ ನುಸುಳಿ ಗೆರೆಯ ಅಂಚು ಹಲ್ಲುಹಲ್ಲಾಗುತ್ತದೆ. ಬೇಗ ನಿಲ್ಲಿಸಿದರೆ ಕಣ್ಣಿಗೆ ಕಾಣದ ದ್ವೀಪಗಳು ಉಳಿದು ಎರಡು ದಾರಿಗಳನ್ನು ಸೇರಿಸಿಬಿಡುತ್ತವೆ. ಗೆರೆಯ ಎರಡೂ ಬದಿ ಮೀಟರ್ ಊರಿದಾಗ 20 ಮೆಗಾಓಮ್ ಅಳತೆಯಲ್ಲೂ ಏನೂ ತೋರಿಸದಿದ್ದರೆ ಮಾತ್ರ ಕೊರೆದದ್ದು ಪೂರ್ತಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಐಟಿಒ ಲೇಪವನ್ನು ಉಪ್ಪುಕಾಗದದಿಂದಾಗಲಿ ಗ್ರೈಂಡರಿನಿಂದಾಗಲಿ ಒಣಗಿದ್ದಾಗ ಉಜ್ಜಬಾರದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವಾಸಿಯಾಗದ ಗಾಯ ಮಾಡುತ್ತದೆ. ಜಪಾನಿನಲ್ಲಿ ಐಟಿಒ ಕೆಲಸದಲ್ಲಿದ್ದ ಕಾರ್ಮಿಕರೊಬ್ಬರು ಹೀಗೆ ತೀರಿಕೊಂಡದ್ದು 2003ರಲ್ಲಿ ವೈದ್ಯಕೀಯ ವರದಿಯಾಗಿ ಬಂತು. ಮುಗಿದ ಲೇಪವುಳ್ಳ ಗಾಜನ್ನು ಮುಟ್ಟುವುದರಿಂದ ಏನೂ ಆಗದು, ಪುಡಿ ಮಾಡುವುದೇ ಅಪಾಯ.

ಪ್ಲಾಸ್ಟಿಕ್ ಹಾಳೆಯ ಮೇಲಿನ ಐಟಿಒಗೆ ಬೇರೆ ಕಷ್ಟ. ಪಿಇಟಿ ಎಂಬ ಪ್ಲಾಸ್ಟಿಕ್ಕಿನ ಹಾಳೆ ಬಿಸಿ ತಾಳದ ಕಾರಣ ಲೇಪವನ್ನು ತಣ್ಣಗೇ ಹಾಕಬೇಕು, ಹಾಗಾಗಿ ಚೌಕಕ್ಕೆ 50, 100 ಓಮ್ ಆಗುತ್ತದೆ. ಮೇಲಾಗಿ ಈ ಲೇಪ ಹಪ್ಪಳದ ಜಾತಿ: ಶೇಕಡ ಒಂದೂವರೆ ಎರಡರಷ್ಟು ಹಿಗ್ಗಿದರೆ ಸೀಳುತ್ತದೆ. 125 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದ ಹಾಳೆಯನ್ನು ಸುಮಾರು 4 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ, ಲೇಪ ಹೊರಮೈಗೆ ಬರುವಂತೆ ಬಾಗಿಸಿದರೆ ಆ ಮಿತಿ ಮುಟ್ಟುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಮೀಟರ್ ಮಾತ್ರ 100ರಿಂದ ಸಾವಿರಗಳಿಗೆ ಹಾರುತ್ತದೆ.

ಕೆರೆಯ ತಳದ ಬಿರುಕು

ಫೋನಿನ ಅಳತೆಗೆ ಐಟಿಒ ಸಾಕಾಗುತ್ತದೆ. 15 ಸೆಂ.ಮೀ. ಉದ್ದ, 5 ಮಿ.ಮೀ. ಅಗಲದ ಪಟ್ಟಿ ಎಂದರೆ 30 ಚೌಕ. ಚೌಕಕ್ಕೆ 100 ಓಮ್ ಹಿಡಿದರೂ 3 ಕಿಲೋಓಮ್. ಅದೇ ಪಟ್ಟಿಯನ್ನು 55 ಇಂಚಿನ ಪರದೆಯ ಪೂರ್ತಿ ಅಗಲಕ್ಕೆ, ಅಂದರೆ 121 ಸೆಂ.ಮೀ. ಎಳೆದರೆ 24 ಕಿಲೋಓಮ್. ಪರದೆ ಬೆಳೆದಂತೆ ಸಂಕೇತ ಆ ತುದಿ ಮುಟ್ಟುವಷ್ಟರಲ್ಲಿ ತಡವಾಗಿ, ಮಸುಕಾಗಿರುತ್ತದೆ. ಶಾಲೆ ಕಚೇರಿಗಳ ದೊಡ್ಡ ಟಚ್ ಬೋರ್ಡುಗಳಲ್ಲಿ ಹಲವು ಅಂಚಿನ ಚೌಕಟ್ಟಿನಿಂದ ಅವಕೆಂಪು ಕಿರಣ ಹಾಯಿಸಿ ಬೆರಳನ್ನು ಗುರುತಿಸುವುದು ಇದಕ್ಕೇ.

ದೊಡ್ಡ ಅಳತೆಗೆ ಇನ್ನೊಂದು ದಾರಿ ಲೋಹದ ಬಲೆ. ಲೋಹ ಪಾರದರ್ಶಕವಲ್ಲ ನಿಜ, ಆದರೆ ತಂತಿ 3ರಿಂದ 5 ಮೈಕ್ರಾನ್ ಅಗಲವಿದ್ದು ನಡುವೆ ನೂರಾರು ಮೈಕ್ರಾನ್ ತೆರೆದ ಜಾಗವಿದ್ದರೆ ಕಣ್ಣಿಗೆ ಬಲೆ ಹಿಡಿಯುವುದಿಲ್ಲ. 30 ಸೆಂ.ಮೀ. ದೂರದಿಂದ ನಮ್ಮ ಕಣ್ಣು ಬಿಡಿಸಿ ನೋಡಬಲ್ಲದ್ದು ಹೆಚ್ಚುಕಮ್ಮಿ 90 ಮೈಕ್ರಾನ್. ತೊಂದರೆ ಬರುವುದು ಬಲೆ ಬಹಳ ಒಪ್ಪವಾಗಿದ್ದಾಗ: ಪರದೆಯ ಚುಕ್ಕಿಗಳ ಸಾಲೂ ಬಲೆಯ ಸಾಲೂ ಒಂದರ ಮೇಲೊಂದು ಬಿದ್ದು ರೇಷ್ಮೆ ಸೀರೆಯ ನೆರಿಗೆಯಂಥ ಅಲೆಗಳು ಕಾಣುತ್ತವೆ.

ಬೆಂಗಳೂರಿನ ಕೆಲಸವೊಂದನ್ನು ನಾನು ತುಂಬ ಮೆಚ್ಚುವುದು ಇಲ್ಲಿ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ.ಯು. ಕುಲಕರ್ಣಿ ಅವರ ತಂಡ ಬಲೆ ಹೆಣೆಯುವ ಕೆಲಸವನ್ನು ಬಿರುಕಿಗೇ ಒಪ್ಪಿಸಿತು. ಬೇಸಗೆಯಲ್ಲಿ ಕೆರೆಯ ತಳದ ಜೇಡಿ ಒಣಗಿ ಹೇಗೆ ಒಂದಕ್ಕೊಂದು ಕೂಡಿಕೊಂಡ ಬಿರುಕು ಬಿಡುತ್ತದೋ, ಹಾಗೆ ಒಣಗುವಾಗ ತಾನಾಗಿ ಬಿರಿಯುವ ಲೇಪವನ್ನು ಗಾಜಿನ ಮೇಲೆ ಹಚ್ಚುತ್ತಾರೆ. ಬಿರುಕಿನೊಳಗೆ ಲೋಹ ಇಳಿಸುತ್ತಾರೆ. ಆಮೇಲೆ ಲೇಪವನ್ನು ತೊಳೆದರೆ ಬಿರುಕಿನ ಆಕಾರದ ಲೋಹದ ಬಲೆ ಉಳಿಯುತ್ತದೆ. ವಿನ್ಯಾಸಕ್ಕೆ ಕ್ರಮವಿಲ್ಲದ್ದರಿಂದ ಅಲೆಗಳ ಕಾಟ ತಪ್ಪುತ್ತದೆ. ಬಲೆ ಒಂದೇ ತುಂಡಾದ್ದರಿಂದ ತಂತಿಯ ಮೇಲೆ ತಂತಿ ಕೂತ ಕೂಡುಗಂಟಿನ ರೋಧವೂ ಇಲ್ಲ, ಬೆಳ್ಳಿಯ ನ್ಯಾನೋತಂತಿಗಳನ್ನು ಚೆಲ್ಲಿ ಮಾಡಿದ ಪದರಕ್ಕೆ ಆ ರೋಗ ಉಂಟು. ಹದ ಇರುವುದು ಲೇಪದ ದಪ್ಪದಲ್ಲಿ. ತೀರಾ ತೆಳುವಾದರೆ ಬಿರಿಯುವುದೇ ಇಲ್ಲ, ದಪ್ಪವಾದರೆ ಬಿರುಕುಗಳು ಅಗಲವಾಗಿ ದೂರದೂರ ಹೋಗುತ್ತವೆ. ಬಿರುಕು ತಳ ಮುಟ್ಟದಿದ್ದರೆ ಲೇಪ ತೊಳೆಯುವಾಗ ಲೋಹವೂ ಕೊಚ್ಚಿಹೋಗುತ್ತದೆ. ಮಂಜು ಕರಗಿಸುವ ಪಾರದರ್ಶಕ ಹೀಟರುಗಳನ್ನು ಈ ತಂಡ ಇದೇ ಬಲೆಯಿಂದ ಮಾಡಿ ತೋರಿಸಿದೆ.

ಬೇರೆ ವಸ್ತು ಹುಡುಕಲು ಇಂಡಿಯಂನ ಅಭಾವವೂ ಕಾರಣ. ಅದಕ್ಕೆ ತನ್ನದೇ ಗಣಿ ಇಲ್ಲ ಎನ್ನಬಹುದು, ಬಹುಪಾಲು ಸಿಗುವುದು ಸತು ಶುದ್ಧೀಕರಿಸುವಾಗ ಉಪ ಉತ್ಪನ್ನವಾಗಿ, ವರ್ಷಕ್ಕೆ ಜಗತ್ತಿನಲ್ಲೆಲ್ಲ ಸುಮಾರು 1,000 ಟನ್. ಫೋನ್ ಅಳತೆಯ 100 ಚ.ಸೆಂ.ಮೀ. ಗಾಜಿಗೆ 150 ನ್ಯಾನೋಮೀಟರ್ ಪದರದಲ್ಲಿ ಇರುವ ಇಂಡಿಯಂ ಬರೀ 8 ಮಿಲಿಗ್ರಾಂ. ಇಷ್ಟು ಕಡಿಮೆ ಇರುವುದರಿಂದಲೇ ಹಳೆಯ ಫೋನಿನಿಂದ ಅದನ್ನು ಮರಳಿ ತೆಗೆಯುವುದು ಯಾರಿಗೂ ಗಿಟ್ಟುವುದಿಲ್ಲ.

ಟ್ರಾನ್ಸಿಸ್ಟರ್ ಇದೆ, ಜೋಡಿ ಇಲ್ಲ

ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಹಿದಿಯೊ ಹೊಸೊನೊ ಮತ್ತು ಸಂಗಡಿಗರು 2004ರಲ್ಲಿ ಇಂಡಿಯಂ, ಗ್ಯಾಲಿಯಂ, ಸತು ಸೇರಿದ ಆಕ್ಸೈಡಿನಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾರದರ್ಶಕ ಟ್ರಾನ್ಸಿಸ್ಟರ್ ಮಾಡಿದರು. ಇದರ ಕರೆಹೆಸರು ಇಗ್ಜೊ. ಹರಳಿನ ರಚನೆಯೇ ಇಲ್ಲದ ಪದರದಲ್ಲಿ ಎಲೆಕ್ಟ್ರಾನ್ ಇಷ್ಟು ಸಲೀಸಾಗಿ ಓಡುವುದು ಹೇಗೆ? ಇಂಥ ಆಕ್ಸೈಡುಗಳಲ್ಲಿ ಎಲೆಕ್ಟ್ರಾನ್ ನಡೆಯುವುದು ಲೋಹದ ಪರಮಾಣುಗಳ ದೊಡ್ಡ, ಗುಂಡನೆಯ ಕಕ್ಷೆಗಳ ಮೇಲೆ. ಗುಂಡಗಿರುವುದರಿಂದ ಪರಮಾಣುಗಳು ಯಾವ ದಿಕ್ಕಿಗೆ ತಿರುಗಿ ಕೂತರೂ ಕಕ್ಷೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಟಿವಿ ಪರದೆಗಳಲ್ಲಿ ಮೊದಲಿದ್ದ ಹರಳಿಲ್ಲದ ಸಿಲಿಕಾನ್‌ಗಿಂತ ಇದರಲ್ಲಿ ಎಲೆಕ್ಟ್ರಾನ್ ಹತ್ತು ಪಟ್ಟು ಹೆಚ್ಚು ಚುರುಕು. 2012ರಲ್ಲಿ ಶಾರ್ಪ್ ಕಂಪನಿ ಇದನ್ನು ಪರದೆಗಳಿಗೆ ದೊಡ್ಡ ಪ್ರಮಾಣದಲ್ಲಿ ತಂದಿತು. ಆಫ್ ಇದ್ದಾಗ ಇದರಲ್ಲಿ ಸೋರುವ ಕರೆಂಟು ತೀರಾ ಅತ್ಯಲ್ಪ, ಹಾಗಾಗಿ ಚುಕ್ಕಿ ತನ್ನ ಬೆಳಕಿನ ಮಟ್ಟವನ್ನು ಮರೆಯದೆ ಹಿಡಿದಿಟ್ಟುಕೊಳ್ಳುತ್ತದೆ. ಸದಾ ಸಮಯ ತೋರಿಸುವ ಸ್ಮಾರ್ಟ್‌ವಾಚ್‌ಗಳು ಸೆಕೆಂಡಿಗೆ ಒಮ್ಮೆ ಮಾತ್ರ ಪರದೆ ನವೀಕರಿಸಿ ಬ್ಯಾಟರಿ ಉಳಿಸುವುದು ಈ ಬಗೆಯ ಆಕ್ಸೈಡ್ ಟ್ರಾನ್ಸಿಸ್ಟರಿನ ಬಲದಿಂದ.

ಆದರೆ ಇವನ್ನು ಬಿಸಿಲಿಗೆ ಒಡ್ಡಿದರೆ ತೊಂದರೆ. ಟ್ರಾನ್ಸಿಸ್ಟರನ್ನು ಆನ್ ಆಫ್ ಮಾಡುವ ತುದಿಯಾದ ಗೇಟಿಗೆ ಋಣ ವೋಲ್ಟೇಜ್ ಇರುವಾಗ ಬೆಳಕು, ಅದರಲ್ಲೂ ನೀಲಿ ಮತ್ತು ನೇರಳೆಯಾಚೆಯ ಬೆಳಕು ಬಿದ್ದರೆ, ಆಮ್ಲಜನಕದ ಖಾಲಿ ಜಾಗಗಳಿಂದ ಎಲೆಕ್ಟ್ರಾನ್ ಬಿಡುಗಡೆಯಾಗಿ ಟ್ರಾನ್ಸಿಸ್ಟರ್ ಆನ್ ಆಗುವ ವೋಲ್ಟೇಜ್ ಜರುಗುತ್ತದೆ. ದಿನ ಕಳೆದಂತೆ ಆಫ್ ಮಾಡಿದರೂ ಆಫ್ ಆಗದು. ಸಾಮಾನ್ಯ ಪರದೆಯಲ್ಲಿ ಲೋಹದ ಮರೆ ಕಟ್ಟಿ ಕಾಪಾಡುತ್ತಾರೆ. ಪೂರ್ತಿ ಪಾರದರ್ಶಕ ಸರ್ಕ್ಯೂಟಿನಲ್ಲಿ ಮರೆ ಎಲ್ಲಿಂದ ತರುವುದು?

ಇದಕ್ಕಿಂತ ದೊಡ್ಡದು ಜೋಡಿಯ ಪ್ರಶ್ನೆ. ಇಂದಿನ ಚಿಪ್‌ಗಳು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವುದು ಎನ್ ಮತ್ತು ಪಿ ಎಂಬ ಎರಡು ಬಗೆಯ ಟ್ರಾನ್ಸಿಸ್ಟರ್‌ಗಳನ್ನು ಜೋಡಿಸಿ. ಎನ್‌ನಲ್ಲಿ ಕರೆಂಟು ಹೊರುವುದು ಎಲೆಕ್ಟ್ರಾನ್, ಪಿಯಲ್ಲಿ ಎಲೆಕ್ಟ್ರಾನ್ ಬಿಟ್ಟುಹೋದ ತೆರವು. ಒಂದು ತೆರೆದಾಗ ಇನ್ನೊಂದು ಮುಚ್ಚಿ, ಸುಮ್ಮನಿರುವಾಗ ಕರೆಂಟು ಹರಿಯದಂತೆ. ಪಾರದರ್ಶಕ ಆಕ್ಸೈಡುಗಳಲ್ಲಿ ಒಳ್ಳೆಯ ಎನ್ ಸಿಗುತ್ತದೆ, ಒಳ್ಳೆಯ ಪಿ ಸಿಗುವುದು ಕಷ್ಟ. ಪಿ ಬಗೆಯ ಹರಿವು ನಡೆಯಬೇಕಾದ ಆಮ್ಲಜನಕದ ಕಕ್ಷೆಗಳು ಬಿಗಿಯಾಗಿ, ಒಂದೊಂದೇ ಜಾಗಕ್ಕೆ ಅಂಟಿಕೊಂಡಿವೆ. 1997ರಲ್ಲಿ ಹೊಸೊನೊ ಅವರ ಗುಂಪೇ ತಾಮ್ರ ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ಪಿ ಬಗೆಯನ್ನು ತೋರಿಸಿತು, ಆದರೆ ಅದರ ವಾಹಕತೆ ಐಟಿಒಗಿಂತ ಹೆಚ್ಚುಕಮ್ಮಿ ಹತ್ತು ಸಾವಿರ ಪಟ್ಟು ಕಡಿಮೆ.

ಜೋಡಿಯಿಲ್ಲದ ಸಂಸಾರದ ಖರ್ಚು ಎಷ್ಟೆಂದು ತಿಳಿಯಲು 2021ರ ಪ್ಲಾಸ್ಟಿಕ್‌ಆರ್ಮ್ ಚಿಪ್ ಒಳ್ಳೆಯ ಉದಾಹರಣೆ. ಆರ್ಮ್ ಮತ್ತು ಪ್ರಾಗ್ಮ್ಯಾಟಿಕ್ ಕಂಪನಿಗಳು ಇಗ್ಜೊ ಟ್ರಾನ್ಸಿಸ್ಟರ್‌ಗಳಿಂದ ಬಾಗುವ ಹಾಳೆಯ ಮೇಲೆ 32 ಬಿಟ್ಟಿನ ಪ್ರೊಸೆಸರ್ ಮಾಡಿದವು. 18,334 ಲಾಜಿಕ್ ಗೇಟುಗಳು (ಹಿಂದೆ ಹೇಳಿದ ಟ್ರಾನ್ಸಿಸ್ಟರಿನ ಗೇಟ್ ಅಲ್ಲ, ಲೆಕ್ಕ ಮಾಡುವ ಪುಟ್ಟ ಸರ್ಕ್ಯೂಟುಗಳು), 59.2 ಚ.ಮಿ.ಮೀ. ಗರಿಷ್ಠ ವೇಗ 29 ಕಿಲೋಹರ್ಟ್ಸ್, 3 ವೋಲ್ಟಿನಲ್ಲಿ 21 ಮಿಲಿವ್ಯಾಟ್, ಅದರಲ್ಲಿ ಹೆಚ್ಚೂಕಡಿಮೆ ಎಲ್ಲವೂ ಸುಮ್ಮನೆ ಕೂತಿರುವ ಖರ್ಚು. ಆ ಚಿಪ್ಪಿನ ಗುರಿ ಬಾಗುವಿಕೆ, ಪಾರದರ್ಶಕತೆ ಅಲ್ಲ. ಆದರೂ ಎನ್ ಬಗೆ ಒಂದನ್ನೇ ನಂಬಿದರೆ ಎಲ್ಲಿಗೆ ಮುಟ್ಟುತ್ತೇವೆ ಎನ್ನುವುದು ಅದರಲ್ಲಿ ಸ್ಪಷ್ಟ.

ಗಾಜಿನ ಫೋನಿಗೆ ಕೊನೆಯ ಅಡ್ಡಿ ಬ್ಯಾಟರಿ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಯೀ ಕುಯ್ (Yi Cui) ಅವರ ತಂಡ ಎಲೆಕ್ಟ್ರೋಡನ್ನು 35 ಮೈಕ್ರಾನ್ ಗೆರೆಗಳ ಜಾಲರಿ ಮಾಡಿ ಪಾರದರ್ಶಕ ಲಿಥಿಯಂ ಬ್ಯಾಟರಿ ತೋರಿಸಿತು: ಬೆಳಕು ಶೇಕಡ 60 ಹಾದುಹೋಗುವಾಗ ಲೀಟರಿಗೆ 10 ವ್ಯಾಟ್‌ಅವರ್. ಈಗಿನ 5,000 ಮಿಲಿಆಂಪ್‌ಅವರ್ ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್‌ಅವರ್ ಇರುತ್ತದೆ. ಅಷ್ಟನ್ನು ಆ ಗಾಜಿನ ಬ್ಯಾಟರಿಯಲ್ಲಿ ತುಂಬಲು 1.9 ಲೀಟರ್ ಜಾಗ ಬೇಕು. 2024ರಲ್ಲಿ ಲೆನೊವೊ ತೋರಿಸಿದ ಪಾರದರ್ಶಕ ಲ್ಯಾಪ್‌ಟಾಪಿನಲ್ಲೂ ಆರ್ಪಾರ ಕಾಣುವುದು 17.3 ಇಂಚಿನ ಪರದೆ ಮಾತ್ರ. ಬ್ಯಾಟರಿ, ಪ್ರೊಸೆಸರ್ ಎಲ್ಲ ಕೆಳಗಿನ ಅಪಾರದರ್ಶಕ ತಳದಲ್ಲಿವೆ. ಅದೇ ವರ್ಷ ಎಲ್‌ಜಿ ತಂದ 77 ಇಂಚಿನ ಪಾರದರ್ಶಕ ಒಎಲ್‌ಇಡಿ ಟಿವಿಯ ಹಿಂದೆ ಕಪ್ಪು ಹಾಳೆಯೊಂದು ಮೇಲೆದ್ದು ಬರುವ ಏರ್ಪಾಟಿದೆ. ಆರ್ಪಾರ ಕಾಣುವ ಪರದೆಗೆ ಕಪ್ಪು ಬಣ್ಣ ತೋರಿಸಲು ಬರುವುದಿಲ್ಲ, ಕಪ್ಪು ಎಂದರೆ ಅಲ್ಲಿ ಹಿಂದಿನ ಗೋಡೆಯೇ ಕಾಣುತ್ತದೆ.

ಕಿಟಕಿಯಲ್ಲಿ

ಹಾಗಾದರೆ ಈ ವಿದ್ಯೆಗೆ ಒಗ್ಗುವ ಜಾಗ ಯಾವುದು? ಚಿಪ್ಪಿನ ಲೆಕ್ಕಾಚಾರ ಬೇಡದ, ಬ್ಯಾಟರಿ ಗೋಡೆಯೊಳಗೆ ಅಡಗುವ, ಆದರೆ ಆರ್ಪಾರ ಕಾಣಲೇಬೇಕಾದ ಜಾಗ. ನನ್ನ ಮಟ್ಟಿಗೆ ಅದು ಕಿಟಕಿ, ಕಾರಿನ ಗಾಜು, ಅಂಗಡಿಯ ಫ್ರೀಜರ್ ಬಾಗಿಲು. ಫ್ರೀಜರ್ ಬಾಗಿಲ ಗಾಜಿಗೆ ತವರದ ಆಕ್ಸೈಡ್ ಲೇಪ ಹಾಕಿ ಹದವಾಗಿ ಕಾಸುವುದು ಬಹಳ ಹಿಂದಿನಿಂದ ನಡೆದುಬಂದಿದೆ. ಮಂಗಳೂರಿನ ಮಳೆಗಾಲದ ತೇವಕ್ಕೆ ಐಸ್‌ಕ್ರೀಂ ಅಂಗಡಿಯ ಗಾಜು ಬೆವರದೆ ಒಳಗಿನದು ಕಾಣಬೇಕಾದರೆ ಇದೇ ದಾರಿ, ಲೆಕ್ಕ ಮೇಲೆ ಹೇಳಿದ ಮೂರು ಚೌಕದ್ದೇ.

ಬಣ್ಣ ಬದಲಿಸುವ ಕಿಟಕಿಯಲ್ಲಿ ಟಂಗ್‌ಸ್ಟನ್ ಆಕ್ಸೈಡ್ ಪದರಕ್ಕೆ ಲಿಥಿಯಂ ಅಯಾನು ಮತ್ತು ಎಲೆಕ್ಟ್ರಾನ್ ಒಟ್ಟಿಗೆ ನುಗ್ಗಿದಾಗ ಗಾಜು ನೀಲಿಯಾಗುತ್ತದೆ, ಹೊರಬಂದಾಗ ತಿಳಿಯಾಗುತ್ತದೆ. ಕೆಲವೇ ವೋಲ್ಟ್ ಡಿಸಿ ಸಾಕು, ಬಣ್ಣ ಬಂದ ಮೇಲೆ ಅದನ್ನು ಹಿಡಿದಿಡಲು ಕರೆಂಟು ಹೆಚ್ಚು ಬೇಡ. ಬೋಯಿಂಗ್ 787 ವಿಮಾನದ ಬಟನ್ ಒತ್ತಿದರೆ ಕಪ್ಪಾಗುವ ಕಿಟಕಿ, ರಾತ್ರಿ ಹಿಂದಿನ ವಾಹನದ ಬೆಳಕಿಗೆ ಮಸುಕಾಗುವ ಕಾರಿನ ಕನ್ನಡಿ, ಇವು ಜೆಲ್ ಬಳಸುವ ಅದೇ ಕುಟುಂಬ. ಗಾಜು ದೊಡ್ಡದಾದಂತೆ ಅಂಚು ಮೊದಲು ನೀಲಿಯಾಗಿ ನಡುಭಾಗ ನಿಮಿಷಗಟ್ಟಲೆ ಹಿಂದುಳಿಯುತ್ತದೆ. ಅಂಚಿನಿಂದ ನಡುವಿಗೆ ಹೋಗುವಷ್ಟರಲ್ಲಿ ಪಾರದರ್ಶಕ ತಂತಿ ವೋಲ್ಟೇಜನ್ನು ತಿಂದುಹಾಕಿರುತ್ತದೆ. ಲೋಹದ ಬಲೆ ಇಲ್ಲಿಗೆ ಬಂದರೆ ಪಶ್ಚಿಮದ ಬಿಸಿಲಿಗೆ ಮೈಯೊಡ್ಡಿದ ಗಾಜಿನ ಕಟ್ಟಡಗಳಿಗೆ ದೊಡ್ಡ ಉಪಕಾರವಾದೀತು ಎಂಬುದು ನನ್ನ ಗಟ್ಟಿ ನಂಬಿಕೆ.

ಇಂದೇ ಕೊಳ್ಳಬಹುದಾದದ್ದು ಪಿಡಿಎಲ್‌ಸಿ ಹಾಳೆ, ಕಚೇರಿಯ ಮೀಟಿಂಗ್ ಕೋಣೆಗಳಲ್ಲಿ ಸ್ವಿಚ್ ಹಾಕಿದರೆ ತಿಳಿಯಾಗುವ ಹಾಲು ಬಣ್ಣದ ಗಾಜು. ಎರಡು ಐಟಿಒ ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನಲ್ಲಿ ದ್ರವಹರಳಿನ ಹನಿಗಳು; ಕರೆಂಟು ಇಲ್ಲದಾಗ ಹನಿಗಳು ದಿಕ್ಕಾಪಾಲಾಗಿ ಬೆಳಕನ್ನು ಚೆದುರಿಸುತ್ತವೆ, ಕೊಟ್ಟಾಗ ಸಾಲಾಗಿ ನಿಲ್ಲುತ್ತವೆ. ಬೇಕಾದದ್ದು ಟ್ರಾನ್ಸ್‌ಫಾರ್ಮರಿನಿಂದ ಬರುವ 50ರಿಂದ 65 ವೋಲ್ಟ್ ಎಸಿ. ಡಿಸಿ ಕೊಟ್ಟರೆ ಅಯಾನುಗಳು ಒಂದೇ ಬದಿಗೆ ಜಮೆಯಾಗಿ ಹಾಳೆ ಬೇಗ ಕೆಡುತ್ತದೆ. ಚದರ ಮೀಟರಿಗೆ ಸುಮಾರು 5 ವ್ಯಾಟ್ ಹಿಡಿದರೆ, 10 ಚ.ಮೀ. ಗಾಜು ದಿನಕ್ಕೆ 9 ಗಂಟೆ ತಿಳಿಯಾಗಿದ್ದರೆ ಅರ್ಧ ಯೂನಿಟ್‌ಗೂ ಕಡಿಮೆ. ಕರೆಂಟು ಹೋದರೆ ಗಾಜು ಹಾಲಾಗುತ್ತದೆ. ಹೊರಗೆ ಕಾಣಲೇಬೇಕಾದ ಬಾಗಿಲಿಗೆ ಹಾಕುವುದಾದರೆ ಯುಪಿಎಸ್ ಇರಲಿ.

ಕೆಡುವುದು ಹೆಚ್ಚಾಗಿ ಅಂಚಿನಲ್ಲಿ. ಮೊಂಡು ಬ್ಲೇಡಿನಿಂದ ಕತ್ತರಿಸಿದರೆ ಮೇಲಿನ ಕೆಳಗಿನ ಐಟಿಒ ಒಂದಕ್ಕೊಂದು ತಾಗಿ, ಕರೆಂಟು ಕೊಟ್ಟ ಕೂಡಲೇ ಕಿಡಿ ಹಾರಿ ಕಂದು ಚುಕ್ಕೆ ಬೀಳುತ್ತದೆ. ಸಂಪರ್ಕ ತೆಗೆಯಲು ಒಂದು ಬದಿಯ ಹಾಳೆಯನ್ನಷ್ಟೇ 8-10 ಮಿ.ಮೀ. ಪಟ್ಟಿ ಸೀಳಿ ತೆಗೆದು, ಒಳಗಿನ ಅಂಟಂಟು ಪದರವನ್ನು ಆಲ್ಕೋಹಾಲ್ ಹತ್ತಿಯಿಂದ ಒರೆಸಿ, ಬೆಳ್ಳಿ ಪೇಂಟ್ ಮೇಲೆ ತಾಮ್ರದ ಟೇಪ್ ಕೂರಿಸಬೇಕು. ಬ್ಲೇಡ್ ಒಂದು ಕೂದಲೆಳೆ ಆಳಕ್ಕೆ ಇಳಿದರೂ ಕೆಳಗಿನ ಐಟಿಒ ಕಡಿದು ಆ ಪಟ್ಟಿ ಸತ್ತಂತೆ. ಗಾಜಿಗೆ ಅಂಟಿಸುವ ಮೊದಲೇ ಮೇಜಿನ ಮೇಲೆ ಹರಡಿ ಕರೆಂಟು ಕೊಟ್ಟು ನೋಡಿ. ಅಂಟಿಸಿದ ಮೇಲೆ ತಪ್ಪು ಕಂಡರೆ ಹಾಳೆ ಕಿತ್ತೆಸೆಯುವುದೊಂದೇ ದಾರಿ. ಅಂಚಿಗೆ ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆ ಬರುವ ಬಗೆಯನ್ನು ಬಿಟ್ಟು ನ್ಯೂಟ್ರಲ್ ಎಂದು ಬರೆದಿರುವುದನ್ನೇ ತನ್ನಿ. ವಿನೆಗರಿನ ಆಮ್ಲ ಅಂಚಿನಿಂದ ನುಸುಳಿ ಸಂಪರ್ಕವನ್ನೂ ಹನಿಗಳ ಪದರವನ್ನೂ ಕೆಡಿಸುತ್ತದೆ.